ತೋರಿಸಿದ್ದು ಅರವತ್ತು

ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ; ಎಲ್ಲರ ಬಾಯಲ್ಲೂ ಅವಳು ದಾಳದಕ್ಕ. ಟೈರ್ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿದ್ದ ಆ ವಿಡಿಯೋ ಗೇಮ್ ಕಂಪನಿಗೆ ಸೇರುವ ಮೊದಲು ಹನ್ನೊಂದು ವರ್ಷ ಆಕೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಆರು ಜನರನ್ನು ಮೇಜಿನ ಸುತ್ತ ಕೂರಿಸಿ ಕಥೆಯಾಟ ಆಡಿಸಿದ್ದಳು. ಒಬ್ಬ ಕಳ್ಳ, ಒಬ್ಬಳು ವೈದ್ಯೆ, ಇನ್ನೊಬ್ಬ ಅಂಬಿಗ, ಹೀಗೆ ಒಬ್ಬೊಬ್ಬರಿಗೂ ಒಂದು ಪಾತ್ರ. ಪಾತ್ರ ಗೋಡೆ ಹತ್ತಬೇಕೆಂದರೂ ಬೀಗ ತೆಗೆಯಬೇಕೆಂದರೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆಗೆ ಆ ಪಾತ್ರದ ಪಳಗಿಕೆಯನ್ನು ಕೂಡಿಸಿ ಆಯಿತೋ ಇಲ್ಲವೋ ಎಂದು ತೀರ್ಮಾನ. ನಿಯಮಗಳನ್ನೆಲ್ಲ ಅವಳೇ ಒಂದು ಪುಸ್ತಕದಲ್ಲಿ ಬರೆದಿದ್ದಳು. ಅದನ್ನೇ ಕಂಪ್ಯೂಟರಿಗೆ ಇಳಿಸುತ್ತೇವೆಂದು ಕಂಪನಿ ಅವಳನ್ನು ಕರೆಸಿಕೊಂಡಿತ್ತು.

ಮೊದಲ ಪರೀಕ್ಷೆಗೆ ಅವಳು ತನ್ನ ಅಣ್ಣನನ್ನೇ ಕರೆತಂದು ಕೂರಿಸಿದಳು. ಅಣ್ಣ ಬೀಗ ರಿಪೇರಿ ಮಾಡುವವನು. ಆಟದಲ್ಲೂ ಅವನು ಆರಿಸಿಕೊಂಡದ್ದು ಬೀಗದ ನಿಪುಣನ ಪಾತ್ರವನ್ನೇ. ಎದುರಿಗಿದ್ದದ್ದು ಒಂದು ಹಳೆಯ ಪೆಟ್ಟಿಗೆ. ದಾಳ ಉರುಳಿತು. ಪರದೆಯ ಮೇಲೆ ‘ಆಗಲಿಲ್ಲ’ ಎಂದು ಬಂತು. ಮುಂದೆ ದಾರಿಯೇ ಇಲ್ಲ. ಅಣ್ಣ ಆಟವನ್ನು ಹಿಂದಕ್ಕೆ ಒಯ್ದು ಮತ್ತೆ ಉರುಳಿಸಿದ, ಮತ್ತೆ, ಮತ್ತೆ. ಏಳನೇ ಸಲಕ್ಕೆ ಮೌಸನ್ನು ಮೇಜಿನ ಮೇಲೆ ಕುಕ್ಕಿದ.

“ಏನೇ ಇದು? ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಬೀಗ ಬರ್ಲಿಲ್ಲ ಅಂತ ಯಾವತ್ತಾದ್ರೂ ವಾಪಸ್ ಬಂದಿದೀನಾ? ತಡ ಆಗುತ್ತೆ, ಬೀಗಕ್ಕೆ ಹಾಕೋ ಕಡ್ಡಿ ಮುರಿಯುತ್ತೆ, ಬಾಗಿಲಿಗೆ ಗೀರು ಬೀಳುತ್ತೆ, ಮನೆಯವ್ರ ಹತ್ರ ಬೈಸ್ಕೋತೀನಿ. ಆದ್ರೆ ತೆಗಿತೀನಿ!”

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಮೇಜಿನ ಮುಂದೆ ದಾಳ ಕೈಕೊಟ್ಟರೆ ಅವಳು ಆಡುವವರ ಮುಖ ನೋಡಿ ಬೇರೊಂದು ದಾರಿ ತೆರೆಯುತ್ತಿದ್ದಳು. ಯಂತ್ರಕ್ಕೆ ಯಾರ ಮುಖವೂ ಕಾಣದು. ಸಾಲದ್ದಕ್ಕೆ, ಇಪ್ಪತ್ತು ಮುಖದ ಒಂಟಿ ದಾಳದಲ್ಲಿ ಒಂದು ಬೀಳುವುದಕ್ಕೂ ಇಪ್ಪತ್ತು ಬೀಳುವುದಕ್ಕೂ ಸಮಾನ ಅವಕಾಶ. ಪಳಗಿದವನೂ ಎಳಸಿನಂತೆ ಮುಗ್ಗರಿಸುತ್ತಾನೆ.

ಐದು ವಾರ ಹಲ್ಲುಕಚ್ಚಿ ಕೂತು ತಿದ್ದಿದಳು. ಒಂದು ದಾಳದ ಬದಲು ಮೂರು ಚಿಕ್ಕ ದಾಳ ಇಟ್ಟಳು. ಮೂರನ್ನೂ ಕೂಡಿಸಿದಾಗ ನಡುವಿನ ಸಂಖ್ಯೆಗಳೇ ಹೆಚ್ಚು ಬೀಳುತ್ತವೆ, ಪಳಗಿಕೆಗೆ ಬೆಲೆ ಬರುತ್ತದೆ. ಸೋತರೂ ಪೆಟ್ಟಿಗೆ ತೆರೆಯುತ್ತದೆ, ಆದರೆ ಕಡ್ಡಿ ಮುರಿಯುತ್ತದೆ, ಇಲ್ಲವೇ ಕಾವಲುಗಾರನಿಗೆ ಸದ್ದು ಕೇಳಿಸುತ್ತದೆ. ಉರುಳಿಸುವ ಮೊದಲೇ ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟೆಂದು ಪರದೆ ತೋರಿಸುತ್ತದೆ. ವಿಭಾಗದ ಮುಖ್ಯಸ್ಥ ನೋಡಿ, “ಸೂಪರ್ ಮೇಡಂ” ಎಂದ.

ಮುಂದಿನ ತಿಂಗಳು ಆಡುತ್ತಿದ್ದಾಗ ಅವಳಿಗೇನೋ ಇರುಸುಮುರುಸಾಯಿತು. ಸೋಲಬೇಕಾದಷ್ಟು ಸೋಲುತ್ತಿಲ್ಲ. ಅರವತ್ತು ಎಂದು ತೋರಿಸುವ ಒಂದೇ ಜಾಗದಲ್ಲಿ ಐನೂರು ಸಲ ಉರುಳಿಸಿ ಕಾಗದದ ಮೇಲೆ ಗೀಟು ಹಾಕಿದಳು. ಮುನ್ನೂರರ ಆಸುಪಾಸು ಗೆಲ್ಲಬೇಕಿತ್ತು. ಗೆದ್ದದ್ದು ನಾನೂರ ಏಳು. ಪಕ್ಕದಲ್ಲೇ ಕೂರುತ್ತಿದ್ದ ಪ್ರೋಗ್ರಾಮರ್ ಹುಡುಗಿಯ ಮುಂದೆ ಆ ಕಾಗದ ಇಟ್ಟಳು. ಹುಡುಗಿ ತಲೆ ತಗ್ಗಿಸಿದಳು.

“ಸರ್ ಅವ್ರೇ ಮಾಡಿಸಿದ್ದು ಅಕ್ಕಾ. ನಿಮಗೆ ಹೇಳ್ಬೇಡ ಅಂದ್ರು.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೇರ ಮುಖ್ಯಸ್ಥನ ಕೋಣೆಗೆ ನುಗ್ಗಿದಳು.

“ಅರವತ್ತು ಅಂತ ತೋರ್ಸಿ ಎಂಬತ್ತು ಕೊಡ್ತಿದೀರಲ್ಲ, ಇದೇನು?”

“ಮೇಡಂ, ಅರವತ್ತು ಅಂದ್ರೆ ಜನ ಗೆದ್ದೇ ಗೆಲ್ತೀವಿ ಅಂದ್ಕೋತಾರೆ. ಎರಡು ಸಲ ಸೋತ್ರೆ ದಾಳಾನೇ ಸರಿ ಇಲ್ಲ ಅಂತ ಬೈತಾರೆ. ಅವರ ಖುಷಿಗೇ ಅಲ್ವಾ?”

“ಖುಷಿ ಅಂತೆ ಖುಷಿ! ಕಣ್ಣಿಗೆ ಮಣ್ಣೆರಚಿ ಕೊಡೋ ಖುಷಿ ಯಾರಿಗೆ ಬೇಕು? ಎದುರಿಗೆ ಕೂತು ದಾಳ ಬದಲಾಯಿಸಿದ್ರೆ ಕಳ್ಳಾಟ ಅಂತೀವಿ. ಪರದೆ ಹಿಂದೆ ಮಾಡಿದ್ರೆ ಉಪಕಾರನಾ? ಸಹಾಯ ಮಾಡ್ಲೇಬೇಕು ಅಂದ್ರೆ ಬಾಯಿಬಿಟ್ಟು ಹೇಳಿ ಮಾಡಿ. ಇಲ್ಲಾಂದ್ರೆ ನನ್ನ ಹೆಸರು ತೆಗೀರಿ, ನನ್ನ ಪುಸ್ತಕಾನೂ ವಾಪಸ್ ಕೊಡಿ.”

ಅವಳ ಒಪ್ಪಿಗೆಯಿಲ್ಲದೆ ನಿಯಮ ಬದಲಿಸುವಂತಿಲ್ಲವೆಂದು ಒಪ್ಪಂದದಲ್ಲಿ ಬರೆದಿತ್ತು. ಮುಖ್ಯಸ್ಥ ಮೂರು ದಿನ ಮುಖ ಊದಿಸಿಕೊಂಡಿದ್ದು ಕೊನೆಗೆ ಬಗ್ಗಿದ. ಆಟದ ಮೊದಲ ಪುಟದಲ್ಲೇ ಎರಡು ಆಯ್ಕೆ ಬಂದವು: ನೆರವಾಗುವ ದಾಳ, ಯಾರ ಮುಲಾಜೂ ನೋಡದ ದಾಳ. ಆಟ ಬಿಡುಗಡೆಯಾದಾಗ ಅರ್ಧಕ್ಕಿಂತ ಹೆಚ್ಚು ಜನ ಎರಡನೆಯದನ್ನೇ ಆರಿಸಿಕೊಂಡರು.

ಅಭಿನಂದನೆಯ ಸಭೆಯಲ್ಲಿ ಮುಖ್ಯಸ್ಥ ಎದ್ದು ನಿಂತು, ಆಟಗಾರರ ಹತ್ತಿರ ಏನನ್ನೂ ಮುಚ್ಚಿಡಬಾರದು ಎಂಬುದು ತನಗೆ ಮೊದಲಿಂದಲೂ ಇದ್ದ ಆಸೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರೋಗ್ರಾಮರ್ ಹುಡುಗಿ ನೆಲ ನೋಡುತ್ತಿದ್ದಳು. ದಾಳದಕ್ಕ ಕೂತಲ್ಲಿಂದಲೇ, “ಒಂದು ತಿಂಗಳು ಬಚ್ಚಿಟ್ಟಿದ್ದು ಯಾರು ಅನ್ನೋದನ್ನೂ ಹೇಳಿಬಿಡಿ, ಕೇಳೋಣ” ಎಂದಳು. ಚಪ್ಪಾಳೆ ಗಕ್ಕನೆ ನಿಂತಿತು.

ಮರುದಿನ ಅವಳ ಕುರ್ಚಿಯನ್ನು ಜೆರಾಕ್ಸ್ ಯಂತ್ರದ ಪಕ್ಕಕ್ಕೆ ಸರಿಸಿದ್ದರು. ಅವಳು ಅಲ್ಲೇ ಕೂತು, ಆ ಗಡಗಡ ಸದ್ದನ್ನು ಬೈದುಕೊಳ್ಳುತ್ತ, ಮುಂದಿನ ಆಟದ ನಿಯಮ ಬರೆಯಲು ಶುರುಮಾಡಿದಳು.