ಚಿಕ್ಕಮ್ಮ ಕಂಡ ಚುಕ್ಕಿ

ಕೆಲಸ ಏನೆಂದು ಯಾರೇ ಕೇಳಲಿ, ನಮ್ಮ ಚಿಕ್ಕಮ್ಮನದು ಒಂದೇ ಉತ್ತರ: "ಗಾಜಿನ ಮೇಲಿನ ಚುಕ್ಕಿ ನೋಡೋದು, ಸಂಬಳ ತಗೊಳ್ಳೋದು." ಬಾಯಿ ಜೋರು, ಕಣ್ಣು ಅದಕ್ಕಿಂತ ಚುರುಕು. ಅವಳಿದ್ದದ್ದು ಖಗೋಳ ವೀಕ್ಷಣಾಲಯದಲ್ಲಿ. ಆಕಾಶದ ಚಿತ್ರಗಳು ಆಗ ಗಾಜಿನ ಫಲಕಗಳ ಮೇಲೆ ಮೂಡುತ್ತಿದ್ದವು. ಒಂದೇ ಜಾಗದ, ಬೇರೆ ಬೇರೆ ದಿನದ ಎರಡು ಫಲಕಗಳನ್ನು ಮಸೂರದಡಿ ಇಟ್ಟು, ಜಾಗ ಬದಲಿಸಿದ ಚುಕ್ಕಿಯನ್ನು ಹುಡುಕಬೇಕು. ನಕ್ಷತ್ರಗಳು ಕದಲುವುದಿಲ್ಲ. ಅವರು ಚಿತ್ರ ತೆಗೆಯುತ್ತಿದ್ದ ದೈತ್ಯಗ್ರಹವೊಂದರಿಂದ ಬಹುದೂರದಲ್ಲಿ ಅಡ್ಡಾದಿಡ್ಡಿ ಸುತ್ತುವ ಪುಟಾಣಿ ಉಪಗ್ರಹಗಳು ಕದಲುತ್ತವೆ.

ಅವಳ ಒಬ್ಬಳೇ ಮಗಳು ಪುಟ್ಟಿ ಜ್ವರ ಬಂದು ತೀರಿಹೋದಳು. "ಮನೇಲಿದ್ರೆ ಗೋಡೆಗಳೇ ತಿನ್ನೋಕೆ ಬರ್ತವೆ" ಎಂದು ಚಿಕ್ಕಮ್ಮ ಬೇಗನೆ ಕೆಲಸಕ್ಕೆ ಮರಳಿದಳು. ಆ ವಾರವೇ ಸಾಸಿವೆಗಿಂತ ಸಣ್ಣ ಚುಕ್ಕಿಯೊಂದು ಕದಲಿದ್ದು ಕಂಡಿತು. ಯಾರೂ ಕಾಣದ ಹೊಸ ಉಪಗ್ರಹ!

ಮೇಲಧಿಕಾರಿ ಒಳ್ಳೆಯ ಮನುಷ್ಯ. "ಇನ್ನೊಂದು ಸಲ ಕಾಣಿಸಿದ್ರೆ ಲೆಕ್ಕಕ್ಕೆ ಬರುತ್ತಮ್ಮ. ಆಗ ಹೆಸರು ನೀವೇ ಇಡಿ" ಎಂದರು.

"ಪುಟ್ಟಿ" ಎಂದಳು ಚಿಕ್ಕಮ್ಮ, ಯೋಚಿಸಲೂ ಇಲ್ಲ.

ಆಮೇಲೆ ಹುಡುಕಿದ್ದೇ ಹುಡುಕಿದ್ದು. ಅವಳು ಅಳೆದುಕೊಟ್ಟ ದಿಕ್ಕಿಗೇ ದೂರದರ್ಶಕ ತಿರುಗಿಸಿದರು. ಅಲ್ಲಿ ಏನೂ ಇಲ್ಲ. ಆ ದೈತ್ಯಗ್ರಹ ಸೂರ್ಯನ ಹಿಂದೆ ಮರೆಯಾದ ಮೇಲೆ ತಪ್ಪು ಗೊತ್ತಾಯಿತು. ಫಲಕದಲ್ಲಿ ಚಿತ್ರ ಮೂಡುವ ಲೇಪದ ಮುಖ ಮೇಲಿರಬೇಕು. ಕಣ್ಣೀರು ಬಿದ್ದು ಲೇಪ ಕೆಟ್ಟೀತೆಂದು ಅವಳು ಆ ವಾರ ಎರಡನ್ನೂ ಮಗುಚಿಟ್ಟು ನೋಡಿದ್ದಳು. ಎಡ ಬಲವಾಗಿ, ಅಳೆದುಕೊಟ್ಟ ದಿಕ್ಕೇ ತಿರುಗುಮುರುಗಾಗಿತ್ತು. ಎಡವಿದ ಬೆರಳೇ ಎಡವುವುದು ಅಂದರೆ ಇದೇ ನೋಡಿ, ಹಾಳು ಹಣೆಬರಹ! ಗ್ರಹ ಮತ್ತೆ ಕಾಣುವ ಹೊತ್ತಿಗೆ ಚುಕ್ಕಿ ಎಲ್ಲಿಗೆ ಹೋಗಿತ್ತೋ, ಯಾರಿಗೂ ಸಿಗಲಿಲ್ಲ.

ಅವಳು ನಿವೃತ್ತಳಾದ ಎಷ್ಟೋ ವರ್ಷಕ್ಕೆ ಬೇರೆಲ್ಲೋ ಯಾರೋ ಅದನ್ನು ಕಂಡುಹಿಡಿದರು. ತಮಗೆ ಬೇಕಾದ ಹೆಸರೂ ಇಟ್ಟುಬಿಟ್ಟರು. ನಾನದನ್ನು ಪತ್ರಿಕೆಯಲ್ಲಿ ಓದಿದೆ. ಓಡಿಹೋಗಿ ಅವಳಿಗೆ ಹೇಳಿದೆ, ಅವರನ್ನು ಚೆನ್ನಾಗಿ ಬೈದೆ ಕೂಡ.

"ಅಯ್ಯೋ, ಅವರನ್ನ್ಯಾಕೋ ಬೈತೀಯ? ಪಾಪ, ಕಷ್ಟಪಟ್ಟು ಹುಡುಕಿದ್ದಾರೆ" ಎಂದಳು. ಆಮೇಲೆ, "ಆಕಾಶದಲ್ಲಿದ್ದಿದ್ರೆ ನಾಲ್ಕು ಜನರ ಬಾಯಲ್ಲಿ ಅವಳ ಹೆಸರು ಇರ್ತಿತ್ತು ಕಣೋ. ಈಗ ಕರೆಯೋಕೆ ನಾನೊಬ್ಬಳೇ" ಎಂದಳು.

ಮಗಳು ಹೋದಮೇಲೆ ಅವಳು ಆ ಹೆಸರನ್ನು ಕೂಗಿ ಕರೆದದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಒಳಗಿನ ಕೋಣೆಯ ಕಡೆ ತಿರುಗಿ, ಊಟಕ್ಕೆ ಕರೆಯುವ ಹಾಗೆ, "ಪುಟ್ಟೀ" ಎಂದಳು.