ಟೈಟ್ಸ್ ಮೇಲೊಂದು ಪಂಚೆ

ದೆಹಲಿಯ ಸರೋಜಿನಿ ನಗರದ ಉಡುಪಿ ಹೋಟೆಲೊಂದರಲ್ಲಿ ಚನಿಯ ಹತ್ತೊಂಬತ್ತು ವರ್ಷದಿಂದ ದೋಸೆ ಹುಯ್ಯುತ್ತಿದ್ದಾನೆ. ಕಾವಲಿಯ ಮುಂದೆ ನಿಂತವನಿಗೆ ಹಿಂದೆ ತಿರುಗಿ ನೋಡಲು ಪುರುಸೊತ್ತಿಲ್ಲ, ಆದರೆ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮಗ ಹಿತೇಶ್ ಬ್ಯಾಲೆ ನೃತ್ಯ ಕಲಿಯುತ್ತಾನೆಂದು ಗೊತ್ತಾದ ದಿನದಿಂದ ಅಡುಗೆಮನೆಗೆ ಬೇರೆ ಸುದ್ದಿಯೇ ಬೇಡವಾಗಿದೆ.

“ಚನಿಯಾ, ಮಗನಿಗೆ ಹೆಣ್ಣು ಹುಡುಕ್ತೀಯೋ, ಗಂಡು ಹುಡುಕ್ತೀಯೋ?” ಎಂದು ಸಾಂಬಾರು ಮಾಡುವ ಸುದರ್ಶನ್ ಕೇಳುತ್ತಾನೆ. ಎಲ್ಲರೂ ಹಲ್ಲು ಕಿರಿಯುತ್ತಾರೆ. ಚನಿಯನೂ ಕಿರಿಯುತ್ತಾನೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ತನ್ನ ಆ ನಗು ನೆನಪಾಗುತ್ತದೆ. ಥೂ, ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇ? ಮರುದಿನ ಮತ್ತೆ ಅದೇ ನಗು.

ಹಿತೇಶನಿಗೆ ಹದಿಮೂರು. ಶಾಲೆಗೆ ಬಂದ ಬ್ಯಾಲೆ ಟೀಚರೊಬ್ಬರು ಅವನ ಕಾಲು ನೋಡಿ ಫೀಸಿಲ್ಲದೆ ಕಲಿಸತೊಡಗಿದ್ದರು. ಒಂದೇ ಕೋಣೆಯ ಮನೆಯಲ್ಲಿ ಕಿಟಕಿಯ ಸರಳು ಹಿಡಿದು ಬೆವರು ಸುರಿಯುವವರೆಗೆ ಅಭ್ಯಾಸ ಮಾಡುತ್ತಾನೆ. ಚನಿಯ ಒಮ್ಮೆ ಮಾತ್ರ ಕ್ಲಾಸಿಗೆ ಹೋಗಿ ನೋಡಿದ್ದ. ಮಗ ಓಡಿ ಬಂದು ಮೇಲಕ್ಕೆ ಹಾರಿದಾಗ, ಅವನು ಕೆಳಗಿಳಿಯುವವರೆಗೂ ಇವನು ಉಸಿರು ಬಿಟ್ಟಿರಲಿಲ್ಲ. ಅದನ್ನು ಮಗನಿಗೂ ಹೇಳಲಿಲ್ಲ, ಹೆಂಡತಿ ಅಮ್ಮಣ್ಣಿಗೂ ಹೇಳಲಿಲ್ಲ.

ಕನ್ನಡದವರ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಹಿತೇಶನಿಗೆ ಮೂರು ನಿಮಿಷ ಸಿಕ್ಕಿತು. ಕ್ಲಾಸಿನ ಹೊರಗೆ ಒಬ್ಬನೇ ಕುಣಿಯುವುದು ಅದೇ ಮೊದಲು. ಎರಡು ತಿಂಗಳು ಬೇರೆ ಧ್ಯಾನವಿರಲಿಲ್ಲ ಹುಡುಗನಿಗೆ.

ಅವನಿಗಿಂತ ಮೊದಲು ನಗೆನಾಟಕ. ಸಂಘದ ಕಾರ್ಯದರ್ಶಿ ಶಂಕರಪ್ಪನವರು ಗುಲಾಬಿ ಸೀರೆಯುಟ್ಟು, ರವಿಕೆಯೊಳಗೆ ಎರಡು ಚೆಂಡು ತುರುಕಿಕೊಂಡು, ಸೊಂಟ ಬಳುಕಿಸುತ್ತ ಬಂದರು. ಒಂದು ಚೆಂಡು ಜಾರಿ ಉರುಳಿದ್ದೇ ತಡ, ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಪರದೆಯ ಪಕ್ಕದಲ್ಲಿ ಮಗನ ಜೊತೆ ನಿಂತಿದ್ದ ಚನಿಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಜೋರಾಗಿ ಚಪ್ಪಾಳೆ ತಟ್ಟಿದ.

ಶಂಕರಪ್ಪನವರು ಏದುಸಿರು ಬಿಡುತ್ತ ಒಳಗೆ ಬಂದರು. ಕಪ್ಪು ಟೈಟ್ಸ್ ಹಾಕಿಕೊಂಡು ಕಾಲು ಸಡಿಲಿಸುತ್ತಿದ್ದ ಹಿತೇಶನ ಮೇಲೆ ಕಣ್ಣು ಬಿತ್ತು.

“ಏನಯ್ಯಾ ಇದು ವೇಷ? ಫ್ಯಾಮಿಲಿಗಳು ಕೂತಿದ್ದಾರೆ, ಹೆಣ್ಣುಮಕ್ಕಳಿದ್ದಾರೆ. ಗಂಡುಹುಡುಗ ಹೀಗೆ ಬರೋದಾ? ಅಸಹ್ಯ!” ಎಂದರು, ಜಾರಿದ ಸೆರಗನ್ನು ಹೆಗಲಿಗೆಸೆದುಕೊಳ್ಳುತ್ತ. ಅಲ್ಲೇ ಮೊಳೆಗೆ ನೇತುಹಾಕಿದ್ದ ತಮ್ಮ ಪಂಚೆ ತೆಗೆದು ಚನಿಯನ ಕೈಗಿತ್ತರು. “ಇದನ್ನ ಮೇಲೆ ಉಡಿಸು. ಇಲ್ದಿದ್ರೆ ಐಟಂ ಬೇಡ.”

“ಪಪ್ಪಾ, ಇದು ಉಟ್ಕೊಂಡು ಜಂಪ್ ಕೈಸೇ ಮಾಡ್ಲಿ?” ಎಂದ ಹಿತೇಶ್.

ಚನಿಯನಿಗೆ ಮೈಯೆಲ್ಲ ಉರಿಯಿತು. ಆ ಸೀರೆ, ಆ ಲಿಪ್‌ಸ್ಟಿಕ್, ಆ ಬಾಯಲ್ಲಿ ಈ ಮಾತು! ಆದರೆ ಹೊರಬಂದದ್ದು, “ಆಯ್ತು ಸರ್.” ಅವನು ಮಂಡಿಯೂರಿ ಮಗನ ಸೊಂಟಕ್ಕೆ ಪಂಚೆ ಸುತ್ತತೊಡಗಿದ. “ಒಂದು ಮೂರು ನಿಮಿಷ ಅಷ್ಟೇ ಅಲ್ವಾ ಮಗಾ, ಅಡ್ಜಸ್ಟ್ ಮಾಡ್ಕೋ.” ಹೋಟೆಲಿನಲ್ಲಿ ನಗುವ ಅದೇ ನಗು ತನ್ನ ಮುಖದ ಮೇಲಿರುವುದು ಅವನಿಗೇ ಗೊತ್ತಾಯಿತು.

ಹಿತೇಶ್ ಅಳಲಿಲ್ಲ. ಅಪ್ಪನ ಕೈಯನ್ನು ಮೆಲ್ಲಗೆ ಬಿಡಿಸಿದ.

“ಅಂಕಲ್ ಸೀರೆ ಉಟ್ಟಾಗ ನೀವು ಚಪ್ಪಾಳೆ ಬಜಾಯಿಸಿದ್ರಿ ಪಪ್ಪಾ. ಮೈನೇ ದೇಖಾ, ನಾನು ನೋಡ್ದೆ.”

ಪಂಚೆ ಬಿಚ್ಚಿ ಚನಿಯನ ಮಡಿಲಿಗೆ ಹಾಕಿ, ಟೈಟ್ಸಿನ ಮೇಲೆ ಜೀನ್ಸ್ ಎಳೆದುಕೊಂಡು, ಬೂಟಿನ ಲೇಸು ಕಟ್ಟಿ, ಹಿಂಬಾಗಿಲಿನಿಂದ ಹೊರಟುಹೋದ.

ಮೈಕಿನಲ್ಲಿ ಹಿತೇಶನ ಹೆಸರು ಕೂಗಿದರು. ಇನ್ನೊಮ್ಮೆ ಕೂಗಿದರು. ಚನಿಯ ಮಂಡಿಯೂರಿದಲ್ಲೇ ಇದ್ದ. ಅವನಿಗೆ ತನ್ನ ಕೈಗಳನ್ನು ನೋಡಲು ಹೇಸಿಗೆಯಾಯಿತು. ಮೂರನೆಯ ಸಲ ಯಾರೂ ಕೂಗಲಿಲ್ಲ, ಮುಂದಿನ ಹಾಡು ಶುರುವಾಯಿತು.