ಕೊಟ್ಟಾರದ ಸೈಟು

ಕಾವೂರಿನ ನಮ್ಮ ಮನೆಯ ಹಿಂದೆ ಕಟ್ಟಿಗೆ ಇಡುವ ಒಂದು ಶೆಡ್ಡಿದೆ. ಮೊನ್ನೆಮೊನ್ನೆಯವರೆಗೆ ಅದಕ್ಕೆ ಮೇಲೆ ಮಾಡು ಎಂದು ಇದ್ದದ್ದು ಹಳೆಯ ಹೋರ್ಡಿಂಗಿನ ಫ್ಲೆಕ್ಸ್. ಕಬ್ಬಿಣದ ಪೈಪುಗಳ ಮೇಲೆ ಅದನ್ನು ಎಳೆದು ಕಟ್ಟಲಾಗಿತ್ತು. ಬಿಳಿ ಬೆನ್ನು ಆಕಾಶಕ್ಕೆ, ಪ್ರಿಂಟ್ ಇದ್ದ ಬದಿ ಒಳಕ್ಕೆ. ಬಚ್ಚಲ ಒಲೆಗೆ ಕಟ್ಟಿಗೆ ತರಲು ಒಳಗೆ ಹೋದವರು ತಲೆ ಎತ್ತಿದರೆ ಮೇಲಿನಿಂದ ನನ್ನ ತಮ್ಮ ನೋಡುತ್ತಿರುತ್ತಿದ್ದ. ಅವನ ಒಂದೊಂದು ಕಣ್ಣೂ ನಮ್ಮ ಹಂಡೆಯ ಬಾಯಿಯಷ್ಟು ಅಗಲ. ನಾನು ಮಾತ್ರ ನೆಲ ನೋಡಿಕೊಂಡು ಹೋಗಿ ನೆಲ ನೋಡಿಕೊಂಡೇ ಬರುತ್ತಿದ್ದೆ.

ಪಪ್ಪ ಹೋರ್ಡಿಂಗ್ ಕಂಪೆನಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ಯಾವ ತಾರಸಿಯ ಮೇಲೆ, ಯಾವ ತಿರುವಿನಲ್ಲಿ ಫ್ರೇಮ್ ನಿಲ್ಲಿಸಿದರೆ ಜನರ ಕಣ್ಣಿಗೆ ಬೀಳುತ್ತದೆ ಎಂದು ಹುಡುಕುವುದು, ಜಾಗದವರನ್ನು ಒಪ್ಪಿಸುವುದು, ಆಮೇಲೆ ಆ ಫ್ರೇಮನ್ನು ಗಾಳಿಮಳೆಯಿಂದ ಕಾಯುವುದು ಅವರ ಕೆಲಸ. ಅವರ ಬಾಯಲ್ಲಿ ಫ್ರೇಮ್ ನಿಂತ ಜಾಗಕ್ಕೆ ಸೈಟು ಎಂದು ಹೆಸರು, ಜಾಹೀರಾತು ಕೊಡುವವರಿಗೆ ಪಾರ್ಟಿ ಎಂದು. ಮನೆಯಲ್ಲಿ ನಾವು ಆಡುವುದು ತುಳು. ಸೈಟು, ಪಾರ್ಟಿಗಳ ವಿಷಯ ಬಂದರೆ ಮಾತ್ರ ಪಪ್ಪ ತಮಗೇ ಗೊತ್ತಿಲ್ಲದೆ ಕನ್ನಡಕ್ಕೆ ಹೊರಳುತ್ತಿದ್ದರು. ಆಫೀಸಿನ ಮಾತು ಅದು, ಆಫೀಸಿನ ಮುಖವನ್ನೂ ಜೊತೆಗೆ ತರುತ್ತಿತ್ತು.

ನಾನು ಸಣ್ಣವಳಿದ್ದಾಗ ಹೋರ್ಡಿಂಗ್ ಎಂದರೆ ತಗಡು. ಪೇಂಟರುಗಳು ಬಿದಿರಿನ ಅಟ್ಟಳಿಗೆ ಏರಿ ಚೌಕ ಗೆರೆ ಹಾಕಿಕೊಂಡು ಸೀರೆ ಅಂಗಡಿಯ ಹೆಂಗಸಿನ ಮುಖ ಬರೆಯುತ್ತಿದ್ದರು. ಮಳೆ ಹಿಡಿದುಕೊಂಡರೆ ಕೆಲಸ ಅರ್ಧಕ್ಕೇ ನಿಂತು, ಆ ಹೆಂಗಸು ವಾರಗಟ್ಟಲೆ ಒಂದೇ ಕಣ್ಣಿನಲ್ಲಿ ಹೈವೇ ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಸುರುಳಿ ಬಿಚ್ಚಿದರೆ ಊಟದ ಹೊತ್ತಿಗೆ ಮುಖ ತಯಾರು. ಪೇಂಟರುಗಳು ಎಂತ ಮಾಡ್ತಾರೆ ಎಂದು ಒಮ್ಮೆ ಕೇಳಿದ್ದಕ್ಕೆ ಪಪ್ಪ, "ಮನೆಗಳಿಗೆ ಬಣ್ಣ ಹೊಡೀತಾರೆ, ಮತ್ತೆಂತ ಮಾಡುದು" ಎಂದು ಪೇಪರು ತಿರುವಿದರು.

ಭಾನುವಾರ ಬೇರೆ ಮಕ್ಕಳು ಪಣಂಬೂರು ಬೀಚಿಗೆ ಹೋದರೆ ನಮ್ಮದು ಸಿಟಿ ಬಸ್ಸಿನಲ್ಲಿ ಹೋರ್ಡಿಂಗ್ ಯಾತ್ರೆ. ನಾನು ಕಿಟಕಿಗೆ ತಲೆಕೊಟ್ಟು ನಿದ್ದೆ ಮಾಡುತ್ತಿದ್ದೆ. ತಮ್ಮನೋ, ಪಪ್ಪನ ತೊಡೆಯ ಮೇಲೆ ಕೂತು ಹೇಳಿದ್ದನ್ನೆಲ್ಲ ನುಂಗುತ್ತಿದ್ದ. ಬಿಸಿಲಿಗೆ ಕೆಂಪು ಬಣ್ಣ ಮೊದಲು ಹೋಗುತ್ತದೆ, ನೀಲಿ ಕೊನೆಯವರೆಗೆ ಉಳಿಯುತ್ತದೆ. ಮಳೆಗಾಲಕ್ಕೆ ಮೊದಲು ಫ್ಲೆಕ್ಸನ್ನು ಅಲ್ಲಲ್ಲಿ ಕೊಯ್ದು ಗಾಳಿಗೆ ದಾರಿ ಬಿಡಬೇಕು, ಇಲ್ಲವಾದರೆ ಗಾಳಿ ಫ್ರೇಮನ್ನೇ ಎತ್ತಿಕೊಂಡು ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಫ್ರೇಮನ್ನು ಖಾಲಿ ಬಿಡಬಾರದು. ಹೊಸ ಪಾರ್ಟಿ ಸಿಗುವವರೆಗೆ ಹಳೆಯ ಜಾಹೀರಾತೇ ಇರಲಿ, ಹರಿದರೂ ಇರಲಿ. ಖಾಲಿ ಫ್ರೇಮ್ ಕಂಡರೆ, ಈ ಜಾಗ ಯಾರಿಗೂ ಬೇಡ ಎಂದು ಊರಿಗೆಲ್ಲ ಗೊತ್ತಾಗುತ್ತದಂತೆ.

ಬಸ್ಸು ಕೊಟ್ಟಾರಕ್ಕೆ ಬಂದಾಗ ಪಪ್ಪನ ಸ್ವರವೇ ಬೇರೆಯಾಗುತ್ತಿತ್ತು. "ಇದು ನಮ್ಮ ರಾಜ ಸೈಟು. ಬೇರೆ ಕಡೆ ನಾವು ಪಾರ್ಟಿ ಹಿಂದೆ ಹೋಗ್ಬೇಕು. ಇಲ್ಲಿ ಪಾರ್ಟಿ ನಮ್ಮ ಹಿಂದೆ ಬರ್ತದೆ. ಕೊಟ್ಟಾರದ ಸೈಟು ಖಾಲಿ ಅಂತ ಇಲ್ಲ ಮಗ" ಎನ್ನುತ್ತಿದ್ದರು. ತಮ್ಮ ತಲೆ ಆಡಿಸುತ್ತಿದ್ದ. ನನಗೆ ಆಗ ಅದೆಲ್ಲ ತಲೆಬುಡ ಇಲ್ಲದ ಹರಟೆ.

ತಮ್ಮ ಓದಿನಲ್ಲಿ ಜಾಣ. ಪಿಯುಸಿಯಲ್ಲಿ ಅವನು ಕಾಲೇಜಿಗೇ ಮೊದಲಿಗನಾದ ವರ್ಷ ಪಪ್ಪ ನೆಲದ ಮೇಲೆ ನಡೆಯಲಿಲ್ಲ. ನಮ್ಮ ಊರಿನಲ್ಲಿ ರಿಸಲ್ಟ್ ಬಂದ ವಾರದಲ್ಲೇ ಕಾಲೇಜಿನವರು ಹಾಕಿಸುವ ಮಕ್ಕಳ ಮುಖಗಳು ಹೈವೇ ತುಂಬ ಏಳುತ್ತವೆ, ಮುಖದ ಕೆಳಗೆ ಮಾರ್ಕು. ಜೀವನಪೂರ್ತಿ ಪರರ ಮುಖ ಎತ್ತಿ ನಿಲ್ಲಿಸಿದ ಮನುಷ್ಯನಿಗೆ ಸ್ವಂತ ಮಗನ ಮುಖ ಸಿಕ್ಕಿತ್ತು. ಅದನ್ನು ಎಲ್ಲಿ ಹಾಕುವುದೆಂದು ಯೋಚಿಸಲಿಕ್ಕೇನಿತ್ತು? ನಾವೆಲ್ಲ ರಿಕ್ಷಾ ಮಾಡಿ ಕೊಟ್ಟಾರಕ್ಕೆ ಹೋಗಿ ರಸ್ತೆಯ ಈಚೆ ನಿಂತು ನೋಡಿದೆವು. ನಡುವೆ ದೊಡ್ಡದಾಗಿ ತಮ್ಮ, ಕೆಳಗೆ ಸಾಲಾಗಿ ಉಳಿದ ಮಕ್ಕಳು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೂ ಹೆಮ್ಮೆಯೇ ಆಗಿತ್ತು, ಇಲ್ಲವೆನ್ನುವುದಿಲ್ಲ. ತಮ್ಮ ಮಾತ್ರ, "ಸಾಕು ಪಪ್ಪ, ಹೋಗುವ, ಜನ ನೋಡ್ತಾ ಇದ್ದಾರೆ" ಎಂದ.

"ನೋಡ್ಲಿಕ್ಕೇ ಹಾಕಿದ್ದಲ್ವ ಮಾರಾಯ" ಎಂದು ಪಪ್ಪ ನಕ್ಕರು.

ಮೆಡಿಕಲ್ ಸೀಟು ಸಿಕ್ಕಿತು. ಕಾಲೇಜು ಊರ ಹೊರಗೆ, ಅಲ್ಲೇ ಹಾಸ್ಟೆಲ್. ಪ್ರತಿ ಶನಿವಾರ ಮನೆಗೆ ಬರುವ ಬಸ್ಸು ಕೊಟ್ಟಾರ ದಾಟಿಯೇ ಬರಬೇಕು. ಕಂಡಕ್ಟರು ಟಿಕೆಟ್ ಹರಿಯುತ್ತ, "ಎಂತ ಡಾಕ್ಟ್ರೇ, ಮೇಲೆಯೂ ನೀವೇ ಕೆಳಗೆಯೂ ನೀವೇ" ಎಂದು ಕೀಟಲೆ ಮಾಡುತ್ತಿದ್ದನಂತೆ. ಹಾಸ್ಟೆಲಿನಲ್ಲಿ ಅವನಿಗೆ ಹೋರ್ಡಿಂಗ್ ಎಂದೇ ಹೆಸರು ಬಿತ್ತು. ಇದನ್ನೆಲ್ಲ ಅವನು ಮೊದಮೊದಲು ನಗುತ್ತಲೇ ಹೇಳುತ್ತಿದ್ದ. ನಂತರ ಹೇಳುವುದನ್ನು ಬಿಟ್ಟ.

ಮರುವರ್ಷ ಆ ಪಿಯುಸಿ ಕಾಲೇಜಿನವರು ಹೊಸ ಮಕ್ಕಳ ಮುಖಗಳನ್ನು ಬಸ್ಸುಗಳ ಬೆನ್ನಿಗೆ ಅಂಟಿಸಿದರು, ಹೋರ್ಡಿಂಗ್ ಬೇಡವೆಂದರು. ಪಪ್ಪನ ನಿಯಮದ ಪ್ರಕಾರ ಹಳೆಯದು ಹಾಗೆಯೇ ಉಳಿಯಿತು. ಆಗ ನನಗೂ ಕೊಟ್ಟಾರದಲ್ಲಿ ಕೆಲಸ ಸಿಕ್ಕಿತ್ತು. ಕಂಪ್ಯೂಟರಿನಿಂದ ಕತ್ತೆತ್ತಿದರೆ ಕಿಟಕಿಯಲ್ಲಿ ತಮ್ಮ. ಮಳೆಗಾಲಕ್ಕೆ ಮೊದಲು ಕೆಲಸದವರು ಗಾಳಿಗೆ ದಾರಿ ಕೊಯ್ಯಲು ಮೇಲೆ ಹತ್ತಿದಾಗ ಪಪ್ಪ ಕೆಳಗಿನಿಂದ ಕೂಗುವುದು ನನ್ನ ಮೇಜಿನವರೆಗೆ ಕೇಳಿತು: "ಮುಖ ಬಿಡು, ಮುಖ ಬಿಟ್ಟು ಬೇರೆ ಕಡೆ ಕೊಯ್ಯಿ!" ಕೆಳಗಿನ ಸಾಲಿನ ಮಕ್ಕಳ ಹಣೆ, ಕಾಲೇಜಿನ ಹೆಸರು, ಎಲ್ಲದಕ್ಕೂ ಚೂರಿ ಬಿತ್ತು. ಅವನೊಬ್ಬ ಇಡೀ ಉಳಿದ.

ಬಿಸಿಲು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಕೆಂಪು ಹೋಯಿತು. ತುಟಿ ಹೋಯಿತು, ಕೆನ್ನೆ ಹೋಯಿತು, ನೀಲಿ ಉಳಿಯಿತು. ನೀರಿನಲ್ಲಿ ಮುಳುಗಿದವನನ್ನು ಮೇಲೆತ್ತಿ ನಿಲ್ಲಿಸಿದ ಹಾಗೆ ಕಾಣುತ್ತಿದ್ದ. ನಾನು ಆಫೀಸಿನಲ್ಲಿ ಕುರ್ಚಿ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂರಲು ಶುರು ಮಾಡಿದೆ.

ಆ ವರ್ಷವೇ ಅವನು ಫೇಲಾದ. ಮತ್ತೆ ಬರೆದ, ಮತ್ತೆ ಫೇಲಾದ. ಹೆಣ ಕೊಯ್ಯುವ ಕೋಣೆಯ ವಾಸನೆಗೆ ಊಟ ಸೇರುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿಕೊಂಡನಂತೆ. ಆದರೆ ಅವನು ಪಪ್ಪನ ಹತ್ತಿರ ಕೇಳಿದ್ದು ಓದು ಬಿಡುವ ವಿಷಯ ಅಲ್ಲವೇ ಅಲ್ಲ. ಮನೆಯ ಜಗಲಿಯಲ್ಲಿ, ನನ್ನ ಎದುರಿಗೇ, ತುಳುವಿನಲ್ಲಿ ಅವನು ಕೇಳಿದ್ದು ಒಂದೇ ಮಾತು: ನನ್ನ ಮುಖ ಇಳಿಸಿ ಪಪ್ಪ. ಅದು ಮೇಲೆ ಇರುವವರೆಗೆ ನನಗೆ ಪುಸ್ತಕ ತೆರೆಯಲಿಕ್ಕೆ ಆಗುವುದಿಲ್ಲ.

ಪಪ್ಪ ಕನ್ನಡದಲ್ಲಿ ಉತ್ತರ ಕೊಟ್ಟರು. "ಪಾರ್ಟಿ ಬರ್ಲಿ, ಇಳಿಸುವ. ಖಾಲಿ ಬಿಡ್ಲಿಕ್ಕೆ ಆಗುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ."

ತಮ್ಮ ಎದ್ದು ಒಳಗೆ ಹೋದ. ಅದರ ನಂತರ ಪ್ರತಿ ಶನಿವಾರ ಊಟಕ್ಕೆ ಕೂತಾಗ "ಪಾರ್ಟಿ ಬಂತಾ ಪಪ್ಪ?" ಎಂದು ಕೇಳುತ್ತಿದ್ದ. "ಇಲ್ಲ ಮಗ, ಮಾರ್ಕೆಟ್ ಡಲ್ಲುಂಟು" ಎಂದು ಪಪ್ಪ ಅನ್ನ ಕಲಸುತ್ತಿದ್ದರು. ನಾನು ಅದನ್ನು ನಂಬಿದೆ. ಪಾಪ, ಅವರಾದರೂ ಎಂತ ಮಾಡ್ತಾರೆ ಎಂದುಕೊಂಡೆ.

ಕೊನೆಗೆ ಅವನು ಹಾಸ್ಟೆಲಿಗೆ ಹೋಗುವುದನ್ನೇ ನಿಲ್ಲಿಸಿದ. ಮಳೆ ಬಂದರೆ ಮಾತ್ರ ಹೊರಗೆ ಹೋಗುತ್ತಿದ್ದ, ಕೊಡೆಯನ್ನು ಮೂಗಿನವರೆಗೆ ಇಳಿಸಿಕೊಂಡು. ಮಾವನ ಕೈಕಾಲು ಹಿಡಿದು ಅಮ್ಮ ಅವನಿಗೆ ಮಸ್ಕತ್ತಿನಲ್ಲಿ ಒಂದು ಸೂಪರ್‌ಮಾರ್ಕೆಟ್ಟಿನ ಗೋಡೌನಿನಲ್ಲಿ ಕೆಲಸ ಕೊಡಿಸಿದರು. ಏರ್‌ಪೋರ್ಟಿನಲ್ಲಿ ಅವನು ಅಮ್ಮನ ಕಾಲಿಗೆ ಬಿದ್ದ, ನನ್ನ ಕೈ ಹಿಡಿದುಕೊಂಡ, ಪಪ್ಪನಿಗೆ ಬರುತ್ತೇನೆ ಎಂದ. ಎಷ್ಟೋ ವರ್ಷ ಬರಲಿಲ್ಲ.

ಅವನು ಹೋದ ತಿಂಗಳೊಳಗೆ ಕೊಟ್ಟಾರದ ಫ್ರೇಮಿಗೆ ಬಂಗಾರದ ಅಂಗಡಿಯ ಮದುಮಗಳು ಬಂದಳು. ಹಳೆಯ ಫ್ಲೆಕ್ಸನ್ನು ಪಪ್ಪ ಸುರುಳಿ ಸುತ್ತಿಸಿ ಗೂಡ್ಸ್ ರಿಕ್ಷಾದಲ್ಲಿ ಮನೆಗೆ ತಂದರು. ಕೊಯ್ದ ಕಡೆಗಳಿಗೆಲ್ಲ ತೇಪೆ ಹಾಕಿ ಕಟ್ಟಿಗೆ ಶೆಡ್ಡಿಗೆ ಎಳೆದು ಕಟ್ಟಿದರು. ಮುಖ ಯಾಕೆ ಒಳಗೆ ಎಂದು ನಾನು ಕೇಳಿದೆ. "ಬಿಸಿಲು ತಾಗಿದ್ರೆ ಇದ್ದದ್ದೂ ಹೋಗ್ತದೆ" ಎಂದರು. ರಿಟೈರಾದ ಮೇಲೆ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕುವ ಕೆಲಸ ತಾವೇ ವಹಿಸಿಕೊಂಡರು. ಎರಡು ಕೊಳ್ಳಿ ಕಟ್ಟಿಗೆ ತರಲು ಹೋದವರು ಅಲ್ಲೇ ಸ್ಟೂಲು ಹಾಕಿಕೊಂಡು ತುಂಬಾ ಹೊತ್ತು ಕೂತುಬಿಡುತ್ತಿದ್ದರು. ದೂರದಲ್ಲಿ ದುಡಿಯುವ ಮಗನ ಫೋನು ಬಂದರೆ ಎರಡು ಮಾತಾಡಿ ಅಮ್ಮನಿಗೆ ಕೊಡುತ್ತಿದ್ದವರು ಇವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಜೂನಿನಲ್ಲಿ ತಮ್ಮ ಫೋನು ಮಾಡಿ ರಜೆಯಲ್ಲಿ ಬರುತ್ತೇನೆಂದ. ಅವನು ಬರುವ ಮೊದಲು ಆ ಫ್ಲೆಕ್ಸ್ ತೆಗೆಯಿರಿ ಎಂದು ಪಪ್ಪನ ಹತ್ತಿರ ಹೇಳಿದೆ, ಜಗಳವನ್ನೂ ಮಾಡಿದೆ. "ಮಳೆಗಾಲದಲ್ಲಿ ತೆಗೆದ್ರೆ ಕಟ್ಟಿಗೆ ಒದ್ದೆ ಆಗ್ತದೆ. ಬೇರೆ ಎಂತಾದ್ರೂ ಸಿಗ್ಲಿ, ತೆಗೆಯುವ" ಎಂದರು. ಕನ್ನಡದಲ್ಲಿ. ಅದೇ ಸ್ವರ, ಅದೇ ಆಫೀಸಿನ ಮುಖ.

ತಮ್ಮ ಬಂದ. ಕೂದಲು ತೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು. ಟ್ಯಾಕ್ಸಿಯಲ್ಲಿ ಪೇಟೆ ಸುತ್ತಿ ಬರುವಾಗ ಕೊಟ್ಟಾರದಲ್ಲಿ ಈಗ ಇರುವ ಎಲ್ಇಡಿ ಪರದೆಯನ್ನು ತೋರಿಸಿದೆ. ಈ ವರ್ಷದ ಮಕ್ಕಳ ಮುಖಗಳು ಒಂದೊಂದಾಗಿ ಹೊಳೆದು ಹೋಗುತ್ತಿದ್ದವು, ನಡುವೆ ಮಿಕ್ಸಿ, ನಡುವೆ ಫ್ಲ್ಯಾಟು. "ಇದು ಒಳ್ಳೇದು ಅಕ್ಕ, ಯಾರೂ ಹೆಚ್ಚು ಹೊತ್ತು ನಿಲ್ಲುದಿಲ್ಲ" ಎಂದ.

ಮರುದಿನ ಬೆಳಿಗ್ಗೆ ಸುರಿಯುವ ಮಳೆ. ಅಮ್ಮ ಹಳೆಯ ಅಭ್ಯಾಸದಲ್ಲಿ ಅವನಿಗೇ ಕಟ್ಟಿಗೆ ತರಲು ಹೇಳಿದರು. ನಾನು ಓಡಿ ಹೋಗುವಷ್ಟರಲ್ಲಿ ಅವನು ಶೆಡ್ಡಿನೊಳಗೆ ತಲೆ ಎತ್ತಿ ನಿಂತಾಗಿತ್ತು. ಫ್ಲೆಕ್ಸಿನ ಮೇಲೆ ಮಳೆ ಬಡಿಯುವ ಸದ್ದಿಗೆ ಬೇರೇನೂ ಕೇಳುತ್ತಿರಲಿಲ್ಲ. ಮೇಲೆ ಅವನ ಆ ನೀಲಿ ಮುಖ, ನೀರಿನ ಭಾರಕ್ಕೆ ನಡುವೆ ಜೋತುಬಿದ್ದು ಅವನ ತಲೆಗೆ ತಾಗುವಷ್ಟು ಹತ್ತಿರ ಬಂದಿತ್ತು. ಪಪ್ಪ ಕೊಡೆ ಹಿಡಿದುಕೊಂಡು ನನ್ನ ಹಿಂದೆಯೇ ಬಂದು ನಿಂತರು.

ತಮ್ಮ ತಿರುಗಿದ. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಪಪ್ಪನ ಕನ್ನಡದಲ್ಲೇ ಕೇಳಿದ. "ಇನ್ನೂ ಪಾರ್ಟಿ ಬರ್ಲಿಲ್ವಾ ಪಪ್ಪ?"

ಪಪ್ಪನ ಕೈಯಲ್ಲಿದ್ದ ಕೊಡೆ ವಾಲಿ ಅವರ ಹೆಗಲು ನೆನೆಯಿತು. "ಬಂದಿತ್ತು" ಎಂದರು. "ಆಗ್ಲೇ ಬಂದಿತ್ತು. ಬಂದವರನ್ನೆಲ್ಲ ಕುಲಶೇಖರದ ಸೈಟು ಒಳ್ಳೇದುಂಟು ಅಂತ ಆಚೆ ಕಳಿಸಿದೆ. ನಿನ್ನ ಮುಖ ಇಳಿಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

ವರ್ಷಕ್ಕೂ ಮೀರಿದ ಆ ಶನಿವಾರಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

"ನನಗೆ ಗೊತ್ತುಂಟು" ಎಂದ ತಮ್ಮ. "ಕೊಟ್ಟಾರದ ಸೈಟು ಖಾಲಿ ಅಂತ ಇಲ್ಲ. ನೀವೇ ಕಲಿಸಿದ್ದಲ್ವಾ."

"ಗೊತ್ತಿದ್ದೂ ಮತ್ತೆ ಯಾಕೆ ವಾರವಾರ ಕೇಳ್ತಿದ್ದೆ?" ಎಂದರು ಪಪ್ಪ.

"ಒಂದು ದಿನ ಬಂತು ಅಂತ ಹೇಳ್ತೀರೋ ಅಂತ."

ಇಷ್ಟು ಹೇಳಿ ಬಗ್ಗಿ ಎರಡು ಕೊಳ್ಳಿ ಎತ್ತಿಕೊಂಡು ನಮ್ಮಿಬ್ಬರ ನಡುವಿನಿಂದಲೇ ದಾಟಿ ಒಲೆಯ ಹತ್ತಿರ ಹೋದ. ಅಮ್ಮ ನೀರು ಕಾಯಿಸಿದರು, ಅವನು ಸ್ನಾನ ಮಾಡಿದ, ನೀರುದೋಸೆ ತಿಂದ. ರಜೆ ಮುಗಿಯುವವರೆಗೂ ಎಲ್ಲರ ಹತ್ತಿರ ಚೆನ್ನಾಗಿಯೇ ಇದ್ದ, ಪಪ್ಪನ ಹತ್ತಿರವೂ. ಹಿಂದಿನ ಬಾಗಿಲಿಗೆ ಮಾತ್ರ ಬರಲಿಲ್ಲ. ಹೋಗುವ ದಿನ ಮುಂದೆ ಯಾವಾಗ ಬರುತ್ತೀ ಎಂದು ಅಮ್ಮ ಕೇಳಿದ್ದಕ್ಕೆ, "ನೋಡುವ" ಎಂದ.

ಅವನನ್ನು ಕಳಿಸಿ ಏರ್‌ಪೋರ್ಟಿನಿಂದ ಬಂದ ಪಪ್ಪ ಅಂಗಿಯನ್ನೂ ಬದಲಿಸದೆ ಏಣಿ ಇಟ್ಟು ಶೆಡ್ಡಿಗೆ ಹತ್ತಿದರು. ಜೋರು ಮಳೆ, ಬೇಡವೆಂದು ನಾವು ಕೂಗಿದರೂ ಕೇಳಲಿಲ್ಲ. ಒಂದೊಂದೇ ಹಗ್ಗ ಬಿಚ್ಚಿ ಫ್ಲೆಕ್ಸ್ ಇಳಿಸಿ, ಸುರುಳಿ ಸುತ್ತಿ, ಹಿಂದಿನ ಗೋಡೆಗೆ ಒರಗಿಸಿದರು. ಕಟ್ಟಿಗೆ ಎಲ್ಲಾ ಒದ್ದೆಯಾಯಿತು. ಅಮ್ಮ ಈಗ ದಿನಾ ಹೊಗೆಯಲ್ಲಿ ಕೆಮ್ಮುತ್ತ ಅಪ್ಪ ಮಗ ಇಬ್ಬರಿಗೂ ಸೇರಿಸಿ ಬೈಯುತ್ತಾರೆ. ನಾನು ಪೇಟೆಯಿಂದ ಒಳ್ಳೆಯ ಟಾರ್ಪಾಲು ತಂದುಕೊಟ್ಟೆ. ಅದು ಮಡಚಿದ ಹಾಗೆಯೇ ಜಗಲಿಯಲ್ಲಿ ಬಿದ್ದಿದೆ, ಪೈಪಿನ ಫ್ರೇಮಿನ ಮೇಲೆ ಬರಿಯ ಮಳೆ ಸುರಿಯುತ್ತದೆ. ಕಟ್ಟಿಸಲಿಕ್ಕೆ ಜನ ಕರೆಯಲಾ ಎಂದು ನಿನ್ನೆ ಕೇಳಿದೆ.

ಪಪ್ಪ ತುಳುವಿನಲ್ಲಿ, ಬೇಡ ಎಂದರು. ಸ್ವಲ್ಪ ದಿನ ಖಾಲಿ ಇರಲಿ ಎಂದರು.